ಚಪ್ಪರಕ್ಕೆ ಹೋದ ನೆರಳು

ನಮ್ಮ ಊರಿನಲ್ಲಿ ನೆರಳಿಗೆ ಮರ್ಯಾದೆಯಿಲ್ಲ. ಅಕ್ಕೂರಿನ ಸುತ್ತಮುತ್ತ ಎಲ್ಲಿ ನೋಡಿದರೂ ಹಿಪ್ಪುನೇರಳೆ, ಹಿಪ್ಪುನೇರಳೆಗೆ ಬೇಕಾದದ್ದು ಬಿಸಿಲು. ಬಿಸಿಲಿದ್ದರೆ ಸೊಪ್ಪು, ಸೊಪ್ಪಿದ್ದರೆ ರೇಷ್ಮೆಹುಳ, ಹುಳವಿದ್ದರೆ ಗೂಡು. ತೋಟದ ಅಂಚಿನ ಬೇವಿನಮರ ಒಂದು ಕೊಂಬೆ ಚಾಚಿದರೂ ಸಾಕು, ನಮ್ಮ ಗಂಡಸರಿಗೆ ಕೈ ಸುಮ್ಮನಿರುವುದಿಲ್ಲ. ಶಿವರಾತ್ರಿ ಹತ್ತಿರ ಬಂತೆಂದರೆ ಮಚ್ಚು ಮಸೆದುಕೊಂಡು ಮರ ಹತ್ತುತ್ತಾರೆ. ಇಳಿದ ಮೇಲೆ ಸೊಂಟಕ್ಕೆ ಕೈಯಿಟ್ಟು ಆ ಬೋಳು ಮರವನ್ನು, ಆಗತಾನೇ ಕ್ಷೌರ ಮಾಡಿಸಿದ ಮಗನನ್ನು ನೋಡಿದ ಹಾಗೆ ನೋಡಿ ಖುಷಿಪಡುತ್ತಾರೆ.

ನಮ್ಮ ಯಜಮಾನರು ಬಾಲರಾಜು ಕೂಡ ಅದೇ ಪೈಕಿ. ಒಳ್ಳೆಯವರೇ. ಬೀಡಿ ಸೇದುವುದಿಲ್ಲ, ಕೈ ಎತ್ತುವುದಿಲ್ಲ, ನನಗೆ ಜ್ವರ ಬಂದರೆ ತಾವೇ ಮುದ್ದೆ ತೊಳಸುತ್ತಾರೆ. ಆದರೆ ಮರ ಕಂಡರೆ ಅವರಿಗೆ ಮೊದಲು ಕಾಣುವುದು ಅದರ ಕೆಳಗೆ ಹಾಳಾಗುತ್ತಿರುವ ಜಾಗ.

ಕುದೂರಿನಿಂದ ನಾನು ಸೊಸೆಯಾಗಿ ಬಂದಾಗ ಈ ಮನೆಯ ಜಮೀನಿನಲ್ಲಿ ನೆರಳು ಅಂತ ಇದ್ದದ್ದು ಒಂದೇ ಕಡೆ, ಹಳೇ ಬಾವಿಯ ಪಕ್ಕದ ದೊಡ್ಡ ಅತ್ತಿಮರದ ಬುಡದಲ್ಲಿ. ಅದನ್ನು ಬುಡಸಮೇತ ತೆಗೆಸುವ ಮಾತು ಎಷ್ಟೋ ಸಲ ಬಂದು, ನಮ್ಮತ್ತೆ ಶಿವಲಿಂಗಮ್ಮನ ಬಾಯಿಗೆ ಹೆದರಿ ನಿಂತುಹೋಗಿತ್ತು. ಬಾವಿಯ ತಳದಲ್ಲಿ ಕಲ್ಲುಕಟ್ಟಡದ ಕೆಳಗೆ ಕೂರಿಸಿರುವ ಮರದ ಬಳೆಯೂ ಅತ್ತಿಯದೇ. ಅತ್ತಿ ಬಿಸಿಲಲ್ಲಿ ಬಿದ್ದರೆ ಬೇಗ ಗೆದ್ದಲು ಹಿಡಿಯುತ್ತದೆ, ನೀರಿನೊಳಗೆ ಮಾತ್ರ ತಲೆಮಾರು ಕಳೆದರೂ ಕೊಳೆಯುವುದಿಲ್ಲ. ಅತ್ತೆಗೆ ಆ ಮರ ಔಷಧಿಯ ಡಬ್ಬಿ ಕೂಡ. ಉಳುಕಿಗೆ ಅದರ ಹಾಲು, ಕರುವಿನ ಭೇದಿಗೆ ಅದರ ಚಕ್ಕೆಯ ಕಷಾಯ, ಹಸುವಿಗೆ ಅದರ ಹಣ್ಣು. "ಆ ಮರ ಐತೆ ಅಂತ್ಲೇ ಬಾವೀಲಿ ನೀರೈತೆ. ಕಡಿಯೋರು ನನ್ನ ಮೊದ್ಲು ಕಡೀರಿ" ಅನ್ನುತ್ತಿದ್ದರು. ಹಾಗಾಗಿ ವರ್ಷಕ್ಕೊಂದು ಸಲ ಕೊಂಬೆ ಸವರುವುದರಲ್ಲೇ ಗಂಡಸರು ತೃಪ್ತಿಪಟ್ಟುಕೊಳ್ಳಬೇಕಿತ್ತು. ಮರದ ಕೆಳಗಿನ ಜಾಗಕ್ಕೆ ನೆಳ್ಳುಪಟ್ಟಿ ಅಂತ ಹೆಸರು. ಅಲ್ಲಿ ಹಿಪ್ಪುನೇರಳೆ ಹಾಕಿದರೆ ಕಡ್ಡಿಯಾಗಿ ನಿಲ್ಲುತ್ತಿತ್ತು, ರಾಗಿ ಚೆಲ್ಲಿದರೆ ಬರೀ ಹುಲ್ಲು.

ಆ ನೆಳ್ಳುಪಟ್ಟಿಯನ್ನು ನಾನು ಕೇಳಿದೆ.

ನಮ್ಮ ಮಹಿಳಾ ಸಂಘದವರನ್ನು ಒಮ್ಮೆ ಕನಕಪುರದ ಕಡೆ ಒಂದು ತೋಟ ನೋಡಲು ಕರೆದುಕೊಂಡು ಹೋಗಿದ್ದರು. ಬಯಲುಸೀಮೆಯಲ್ಲಿ ಕಾಫಿ ಬೆಳೆದಿದ್ದಾರೆ ಅಂತ ಎಲ್ಲರೂ ಗಿಡದ ಮುಂದೆ ನಿಂತು ಫೋಟೋ ಹೊಡೆಸಿಕೊಂಡರು. ನಾನು ತಲೆ ಎತ್ತಿ ನೋಡಿದೆ. ಮೇಲೆ ಇದ್ದದ್ದು ಅತ್ತಿ. ತೋಟದ ಯಜಮಾನಿ ಹೇಳಿದಳು, ಕಾಫಿಗೆ ಅತ್ತಿಯ ನೆರಳು ತಾಯಿ ಇದ್ದ ಹಾಗೆ, ಬೇರು ಆಳಕ್ಕಿಳಿಯುವುದರಿಂದ ಗಿಡದ ಬಾಯಿಂದ ನೀರು ಕಿತ್ತುಕೊಳ್ಳುವುದಿಲ್ಲ, ಉದುರಿದ ಎಲೆ ಬೇಗ ಕೊಳೆತು ಗೊಬ್ಬರವಾಗುತ್ತದೆ ಅಂತ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬೈಸಿಕೊಂಡು ನಿಂತಿದ್ದ ಮರ ಅದು. ವಾಪಸು ಬರುವ ಬಸ್ಸಿನಲ್ಲಿ ನನಗೆ ಬೇರೇನೂ ತಲೆಗೆ ಹೋಗಲಿಲ್ಲ.

ಮನೆಯಲ್ಲಿ ಹೇಳಿದಾಗ ಬಾಲರಾಜು ನಕ್ಕರು. ಅತ್ತೆ ಅಡಿಕೆ ಕತ್ತರಿಸುತ್ತ, "ಆ ನೆಳ್ಳು ಯಾರ್ಗೂ ಬ್ಯಾಡ. ಅವ್ಳಿಗೆ ಬೇಕಂತೆ, ತಕ್ಕಳ್ಳಿ ಬುಡ್ಲಾ" ಅಂದರು. ನಾನು ಒಂದೇ ಷರತ್ತು ಹಾಕಿದೆ, ನನ್ನನ್ನು ಕೇಳದೆ ಆ ಮರಕ್ಕೆ ಮಚ್ಚು ಮುಟ್ಟಿಸಬಾರದು. "ಆಯ್ತು ಕಣಮ್ಮ, ಮರಾನೂ ನಿಂದೆ, ನೆಳ್ಳೂ ನಿಂದೆ" ಅಂದು ಬಾಲರಾಜು ಕೈ ಮುಗಿಯುವ ನಾಟಕ ಮಾಡಿದರು.

ಅದು ನನಗೆ ಎಷ್ಟು ದೊಡ್ಡದು ಅಂತ ಅವರಿಗೆ ಗೊತ್ತಿರಲಿಲ್ಲ. ರೇಷ್ಮೆ ಸಾಕುವ ಮನೆಯಲ್ಲಿ ಹೆಂಗಸಿಗೆ ಕೆಲಸ ಉಂಟು, ಮಾತಿಲ್ಲ. ಹುಳ ಮೇವು ಬಿಟ್ಟು ಪೊರೆ ಕಳಚಲು ಜ್ವರಕ್ಕೆ ಕೂತಾಗ ನಿದ್ದೆಗೆಡುವುದು ನಾವು, ಸೊಪ್ಪು ಹಾಕುವುದು ನಾವು, ಹಿಕ್ಕೆ ತೆಗೆಯುವುದು ನಾವು. ಮೊಟ್ಟೆ ಯಾವಾಗ ತರಬೇಕು, ಗೂಡು ಯಾವ ದಿನ ರಾಮನಗರದ ಮಾರ್ಕೆಟ್ಟಿಗೆ ಹೋಗಬೇಕು ಅನ್ನುವುದೆಲ್ಲ ಜಗಲಿಯ ಮೇಲೆ ತೀರ್ಮಾನವಾಗಿ ನಮಗೆ ಸುದ್ದಿ ಬರುತ್ತಿತ್ತು. ನೆಳ್ಳುಪಟ್ಟಿಯಲ್ಲಿ ಮಾತ್ರ ನಾನು ಅಂದದ್ದೇ ಆಗುತ್ತಿತ್ತು. ಗುಂಡಿ ಎಲ್ಲಿ ತೋಡಬೇಕು, ಯಾವತ್ತು ನೀರು ಬಿಡಬೇಕು, ಗಿಡದ ಅಡ್ಡಕೊಂಬೆಗಳಲ್ಲಿ ಯಾವ ರೆಕ್ಕೆ ಚಿವುಟಬೇಕು, ಎಲ್ಲ ನನ್ನದೇ. ಸೊಸೆಯಾಗಿ ಬಂದು ಇಷ್ಟು ವರ್ಷಕ್ಕೆ, ನಾನು ತೀರ್ಮಾನ ಮಾಡುವ ಒಂದು ತುಂಡು ನೆಲ.

ಚಿಕ್ಕಮಗಳೂರಿನ ಕಡೆಯಿಂದ ಸಸಿ ತಂದು ಮಾರುವ ಸಾಬೀರ್ ಅನ್ನುವವರಿಂದ ಗಿಡ ತಂದೆ. ಊರು ನಗದೆ ಬಿಡುತ್ತದೆಯೇ? ಪಕ್ಕದ ತೋಟದ ಅನಂತರಾಜು ನಾನು ಬಾವಿಯ ಕಡೆ ಹೊರಟಾಗಲೆಲ್ಲ, "ಎಸ್ಟೇಟ್ಗೆ ಹೊಂಟ್ರೇನಕ್ಕ? ಜೀಪು ಬರ್ನಿಲ್ವಾ?" ಅಂತ ಕೇಳುತ್ತಿದ್ದ. ನಾನೂ ಬಿಡುತ್ತಿರಲಿಲ್ಲ, "ಡ್ರೈವರ್ ರಜಾ ಕಣಪ್ಪ, ನೀನು ಬತ್ತೀಯಾ?" ಅನ್ನುತ್ತಿದ್ದೆ.

ಗಿಡ ಎದ್ದವು. ಅತ್ತಿ ಎಲೆ ಉದುರಿಸಿ ನೆಲಕ್ಕೆ ಹೊದಿಸಿತು. ಹಣ್ಣಿಗೆ ಹಗಲು ಗೊರವಂಕ, ಕತ್ತಲಾದರೆ ಬಾವಲಿ ಬಂದು, ಅವು ಉದುರಿಸಿದ್ದೆಲ್ಲ ಗೊಬ್ಬರವಾಗಿ ಮಣ್ಣು ಕಪ್ಪಗಾಯಿತು. ಸುತ್ತ ತೋಟಗಳೆಲ್ಲ ಧಗಧಗ ಅನ್ನುವ ಹೊತ್ತಿನಲ್ಲೂ ಅಲ್ಲಿಗೆ ಕಾಲಿಟ್ಟರೆ ಬೆವರು ಆರುತ್ತಿತ್ತು. ಮೂರನೇ ವರ್ಷ ಒಂದಿಷ್ಟು ಹಣ್ಣು ಬಿಟ್ಟಿತು. ರೇಷ್ಮೆ ತಟ್ಟೆಯಲ್ಲೇ ಒಣಗಿಸಿ, ಒರಳಲ್ಲಿ ಕುಟ್ಟಿ ಸಿಪ್ಪೆ ಬಿಡಿಸಿ, ಹೆಂಚಿನ ಮೇಲೆ ಹುರಿದು ಪುಡಿ ಮಾಡಿದೆ. ಅತ್ತೆ ಮೊದಲ ಗುಟುಕು ಕುಡಿದು ಮುಖ ಕಿವುಚಿ, "ಒಸಿ ಒಗ್ರು" ಅಂದರು. ಲೋಟ ಖಾಲಿ ಮಾಡಿ, "ಇನ್ನೊಂದ್ಲೋಟ ಕೊಡು" ಅಂದರು. ಅವತ್ತು ನನಗಾದ ಸಂತೋಷ ನಾನು ಇನ್ನೊಂದು ಸಲ ಕಂಡಿಲ್ಲ.

ನಾಲ್ಕನೇ ವರ್ಷ ರೆಕ್ಕೆರೆಕ್ಕೆಗೂ ಮೊಗ್ಗು ಕಟ್ಟಿತು. ಅದು ನಿಜವಾದ ಮೊದಲ ಫಸಲು ಆಗಬೇಕಿತ್ತು. ಆಗಲೇ ಅಮೂಲ್ಯಳ ಮದುವೆ ಗೊತ್ತಾದದ್ದು.

ಅಮೂಲ್ಯ ನನ್ನ ನಾದಿನಿ ಪುಟ್ಟಿಯ ಮಗಳು. ಪುಟ್ಟಿಯನ್ನು ಕೊಟ್ಟಿರುವುದು ಸಾತನೂರಿಗೆ. ನಮ್ಮಲ್ಲಿ ಮದುವೆ ಯಾವ ಛತ್ರದಲ್ಲಾದರೂ ಆಗಲಿ, ಹಿಂದಿನ ದಿನ ಹೆಣ್ಣಿನ ಮನೆಯ ಮುಂದೆ ಚಪ್ಪರ ಹಾಕಲೇಬೇಕು. ಆ ಚಪ್ಪರಕ್ಕೆ ಹಾಲುಗಂಬ ತರುವವನು ಹುಡುಗಿಯ ಸೋದರಮಾವ. ಹಾಲು ಸುರಿಯುವ ಮರದ ಹಸಿಕೊಂಬೆ, ನಮ್ಮ ಕಡೆ ಅತ್ತಿಯದೇ ಆಗಬೇಕು. ಮರಕ್ಕೆ ಪೂಜೆ ಮಾಡಿ, ಒಂದೇ ಒಂದು ಕೊಂಬೆ ಕಡಿದು, ನೆಲಕ್ಕೆ ತಾಗಿಸದೆ ಹೆಗಲ ಮೇಲೆ ತರಬೇಕು. ಸೋದರಮಾವ ಅಂದರೆ ಬಾಲರಾಜು. ಸ್ವಂತ ಮರದಿಂದ ಹಾಲುಗಂಬ ಕೊಂಡೊಯ್ಯುವ ಹೆಮ್ಮೆ ಅವರ ಮುಖದಲ್ಲಿ ವಾರದ ಮೊದಲೇ ಕಾಣುತ್ತಿತ್ತು.

ಅವರು ಮಾತು ಉಳಿಸಿಕೊಂಡು ಕೇಳಿದರು, "ಒಂದ್ ಕೊಂಬೆ ತಕ್ಕಳ್ಲಾ ಲತಾ?" ನಾನು ಸಂತೋಷವಾಗಿಯೇ ಒಪ್ಪಿದೆ. ಬಡಗಣ ದಿಕ್ಕಿಗೆ, ಗಿಡಗಳಿಂದ ಆಚೆಗೆ ಚಾಚಿದ್ದ ಒಂದು ನೆಟ್ಟಗಿನ ಕೊಂಬೆಗೆ ಅರಿಶಿನದ ದಾರ ಕಟ್ಟಿ ತೋರಿಸಿದೆ. ಅಡಿಗೆಯ ಸಿದ್ಧತೆಗೆ ಕೈಜೋಡಿಸಲು ಎರಡು ದಿನ ಮುಂಚೆ ಸಾತನೂರಿಗೆ ಹೋದೆ.

ಚಪ್ಪರದ ದಿನ ನಾನು ಹಿತ್ತಲಲ್ಲಿ ಕಜ್ಜಾಯದ ಬಾಣಲೆಯ ಮುಂದೆ ಕೂತಿದ್ದೆ. ಹೊರಗೆ ಟ್ರ್ಯಾಕ್ಟರ್ ಬಂದ ಸದ್ದು, ಗಂಡಸರ ಗಲಾಟೆ. ಹಾಲುಗಂಬಕ್ಕೆ ಹಾಲುತುಪ್ಪ ಬಿಡಲು ಮುತ್ತೈದೆಯರು ಬರಬೇಕು ಅಂತ ಪುಟ್ಟಿ ಕೂಗಿದಳು. ಕೈ ತೊಳೆದುಕೊಂಡು ಹೊರಬಂದೆ.

ಅಂಗಳಕ್ಕೆ ಕಾಲಿಟ್ಟ ಕೂಡಲೇ ತಣ್ಣಗಾಯಿತು. ಮಾಘಮಾಸದ ಉರಿಬಿಸಿಲಿನಿಂದ ಬಂದವರೆಲ್ಲ ಚಪ್ಪರದ ಕೆಳಗೆ ಕೂತು, "ಆಹಾ, ಏನ್ ನೆಳ್ಳಪ್ಪ" ಅನ್ನುತ್ತಿದ್ದರು. ಚಪ್ಪರಕ್ಕೆ ಯಾವಾಗಲೂ ತೆಂಗಿನ ಗರಿ, ಮೇಲೆ ಒಂದಿಷ್ಟು ಹೊಂಗೆ ಸೊಪ್ಪು. ನಾನು ತಲೆ ಎತ್ತಿ ನೋಡಿದೆ. ಹೊಂಗೆ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೂ ದಟ್ಟವಾಗಿ ಅತ್ತಿ. ಕಾಯಿ ಗೊಂಚಲಿನ ಸಮೇತ, ಹಾಲು ಇನ್ನೂ ತೊಟ್ಟಿಕ್ಕುತ್ತಿದ್ದ ಅತ್ತಿ. ಒಂದು ಕೊಂಬೆಯ ಸೊಪ್ಪಲ್ಲ ಅದು. ನನ್ನ ನೆಳ್ಳುಪಟ್ಟಿಯ ನೆರಳು ಪೂರ್ತಿಯಾಗಿ ಟ್ರ್ಯಾಕ್ಟರ್ ಹತ್ತಿ ಸಾತನೂರಿಗೆ ಬಂದು ನನ್ನ ತಲೆಯ ಮೇಲೆ ಕೂತಿತ್ತು.

ನಡುವೆ ಹಾಲುಗಂಬ. ಅದಕ್ಕೆ ನಾನು ಕಟ್ಟಿದ ಅರಿಶಿನದ ದಾರ ಹಾಗೇ ಇತ್ತು.

ಬಾಲರಾಜು ಹೊಸ ಪಂಚೆ ಉಟ್ಟು, ಹೆಗಲ ಮೇಲೆ ಇನ್ನೂ ಹಾಲಿನ ಕಲೆ ಇಟ್ಟುಕೊಂಡು, ಎಲ್ಲರಿಂದ ಶಹಬಾಸ್‌ಗಿರಿ ಪಡೆಯುತ್ತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು. ಅಮೂಲ್ಯ ಅರಿಶಿನ ಮೆತ್ತಿದ ಮುಖದಲ್ಲಿ ಮಣೆಯ ಮೇಲೆ ಕೂತಿದ್ದಳು. ಶುಭಕಾರ್ಯದಲ್ಲಿ ಅಳುವ ಹಾಗಿಲ್ಲ, ಬೈಯುವ ಹಾಗೂ ಇಲ್ಲ. ಬಟ್ಟಲು ಹಿಡಿದು ಹಾಲುಗಂಬಕ್ಕೆ ಹಾಲುತುಪ್ಪ ಬಿಟ್ಟೆ. ಕಣ್ಣು ಮೇಲಿನ ಸೊಪ್ಪಿನಲ್ಲೇ ಇತ್ತು, ಅರ್ಧ ನೆಲಕ್ಕೆ ಚೆಲ್ಲಿತು. "ಅತ್ತಿಗೆಗೆ ನಿದ್ದೆ ಸಾಲ್ದು" ಅಂದಳು ಪುಟ್ಟಿ.

ಬಚ್ಚಲ ಹಿಂದೆ ಅವರನ್ನು ಕರೆದು ಕೇಳಿದೆ. "ಎಷ್ಟು ಕಡುದ್ರಿ?"

"ನಿಂಗೇ ಅಂತ್ಲೇ ಕಣೆ" ಅಂದರು. ಅವರ ದನಿಯಲ್ಲಿ ಕಳ್ಳತನವಿರಲಿಲ್ಲ, ಅದೇ ನನ್ನನ್ನು ಕೊಂದದ್ದು. "ಅನಂತರಾಜೂ ಇದ್ದ. ಹತ್ತಿದ್ದು ಹತ್ತಿದ್ವಿ. ಗಿಡೆಲ್ಲ ಮೊಗ್ಗಾಗವೆ, ಮ್ಯಾಲೆ ನೋಡುದ್ರೆ ಕತ್ಲೆ. ಒಸಿ ಬಿಸ್ಲು ಬಿದ್ರೆ ಒಂದ್ ಮೊಗ್ಗೂ ಉದುರ್ದಂಗೆ ಕಾಯಾಯ್ತದೆ ಅಂದ್ಕಂಡು ಬೆಳಕ್ ಮಾಡ್ದೆ. ನೀನು ಬಂದು ನೋಡ್ಲಿ, ಖುಸಿ ಪಡ್ಲಿ ಅಂತ."

"ನನ್ನ ಕೇಳ್ಬೇಕಿತ್ತು."

"ಕೇಳ್ದೆನಲ್ಲ, ಕೊಂಬೆಗೆ."

ಬಾಣಲೆಯ ಕಡೆಯಿಂದ ಯಾರೋ ಕಜ್ಜಾಯ ಸೀಯುತ್ತಿದೆ ಅಂತ ಕರೆದರು, ಹೋದೆ.

ಮದುವೆ ಮುಗಿಸಿ ಊರಿಗೆ ಬಂದು ಚಪ್ಪಲಿ ಕೂಡ ಬಿಡದೆ ಬಾವಿಯ ಹತ್ತಿರ ಓಡಿದೆ. ತೆಂಕಣ, ಪಡುವಣ ಎರಡೂ ಕಡೆ ಮರ ಬೋಳು. ಗಿಡಗಳ ಮೇಲೆ ಬಿಸಿಲು ನೆಟ್ಟಗೆ ಬೀಳುತ್ತಿತ್ತು. ಅತ್ತೆ ಬಾವಿಕಟ್ಟೆಯ ಮೇಲೆ ನನಗಾಗಿಯೇ ಕಾಯುತ್ತ ಕೂತಿದ್ದರು. ಕಾಲುನೋವಿಂದ ಅವರು ಮದುವೆಗೆ ಬಂದಿರಲಿಲ್ಲ. "ನಾ ಯೋಳ್ದೆ ಕಣವ್ವ, ಲತಂಗೆ ಒಂದ್ ಫೋನ್ ಮಾಡ್ಲಾ ಅಂತ. ಖುಸಿ ಪಡ್ತಾಳೆ ಬುಡವ್ವ ಅಂದ. ನಂಗೂ ಕಾಫಿ ಗಿಡ್ದ ಸಮಾಚಾರ ಏನ್ ಗೊತ್ತು?" ಅಂದರು. ಆಗ ಅಳು ಬಂತು. ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಅತ್ತದ್ದು ಅದೇ ಮೊದಲು.

ತೆಂಗಿನ ಗರಿ ಕಟ್ಟಿದೆ. ಹಳೇ ಸೀರೆ ಹರಿದು ಕಟ್ಟಿದೆ. ಗಾಳಿ ಬಂದಾಗಲೆಲ್ಲ ಅವು ಕಿತ್ತುಕೊಂಡು ಹೋಗುತ್ತಿದ್ದವು. ನೀರು ಬಿಟ್ಟ ಕೆಲವೇ ದಿನಕ್ಕೆ ಗಿಡಗಳು ಹೂ ಬಿಟ್ಟವು, ಎಲೆ ಕಾಣದ ಹಾಗೆ, ಹಿಂದೆಂದೂ ಇಲ್ಲದಷ್ಟು. ಮಲ್ಲಿಗೆಯಂಥ ವಾಸನೆ ಅನಂತರಾಜುವಿನ ತೋಟದವರೆಗೂ ಹೋಯಿತು. ಬಾಲರಾಜು ಊರಿನವರನ್ನು ಕರೆತಂದು ತೋರಿಸಿದರು. "ನೋಡ್ದಾ? ಬಿಸ್ಲು ಕಣ್ಲಾ, ಬಿಸ್ಲು" ಅಂದರು. ನನಗೇ ಅನುಮಾನ ಬಂತು, ನಾನೇ ಇಲ್ಲದ್ದನ್ನು ಊಹಿಸಿಕೊಂಡು ಗಂಡನ ಮೇಲೆ ಸಿಟ್ಟಾದೆನೇನೋ ಅಂತ. ಒಂದು ದಿನ ಅವರಿಗೆ ಇಷ್ಟವಾದ ಉಪ್ಸಾರು ಮಾಡಿ ರಾಜಿಯೂ ಆದೆ.

ಯುಗಾದಿ ಕಳೆಯುವ ಹೊತ್ತಿಗೆ ಎಲೆಯ ಅಂಚು ಸುಟ್ಟುಹೋಯಿತು. ಮಳೆ ಹಿಡಿದ ಮೇಲೆ ಒಂದಿಷ್ಟು ಚೇತರಿಸಿಕೊಂಡು, ಕಾಯಿಯೂ ನಿಂತು, ನನ್ನ ಜೀವ ಮರಳಿ ಬಂತು. ಆದರೆ ದಸರೆಯ ಹೊತ್ತಿಗೆ ಒಂದೊಂದೇ ಗಿಡ ಹಳದಿಯಾಗಿ ತಲೆ ಬಾಗಿಸತೊಡಗಿತು. ಕಾಂಡದ ಮೇಲೆ ಬಳೆ ತೊಡಿಸಿದ ಹಾಗೆ ಉಬ್ಬು. ಫೋನಿನಲ್ಲಿ ಸಾಬೀರ್‌ಗೆ ತೋರಿಸಿದೆ. ಅವರು ನೋಡಿದವರೇ ಕೇಳಿದ ಮೊದಲ ಮಾತು, "ನೆರಳು ತೆಗೆದಿರಾ ಮೇಡಂ?"

ಕಾಂಡಕೊರಕ. ಅದರ ದುಂಬಿ ತಂಪಿನಲ್ಲಿರುವ ಗಿಡದ ತಂಟೆಗೆ ಅಷ್ಟಾಗಿ ಬರುವುದಿಲ್ಲವಂತೆ. ಬಿಸಿಲು ಬಿದ್ದು ತೊಗಟೆ ಕಾದ ಗಿಡವನ್ನೇ ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತದಂತೆ. ಒಂದು ಗಿಡವನ್ನು ಬಗ್ಗಿಸಿದೆ, ಲಟಕ್ಕನೆ ಮುರಿಯಿತು. ಒಳಗೆ ಬೆಳ್ಳಗೆ ಕೊಬ್ಬಿದ ಹುಳ. ಜೀವಮಾನವೆಲ್ಲ ಬಿಳಿ ಹುಳಕ್ಕೆ ಸೊಪ್ಪು ಹಾಕಿ ಸಾಕಿದವಳು ನಾನು, ಇದನ್ನು ಚಪ್ಪಲಿಯಲ್ಲಿ ಹೊಸಕಿದೆ.

ಹಿಡಿದ ಗಿಡ ಕಿತ್ತು ಸುಡಿ, ಮಿಕ್ಕಿದ್ದಕ್ಕೆ ಔಷಧಿ ಹೊಡೆಯಿರಿ, ದುಂಬಿ ಮತ್ತೆ ಹಾರುವ ಕಾಲ ಬಂತು, ತಡಮಾಡಬೇಡಿ ಅಂದರು ಸಾಬೀರ್. ಹೊಡೆಯುವುದು ಹೇಗೆ? ರೇಷ್ಮೆ ಊರಿನಲ್ಲಿ ಯಾರೂ ಔಷಧಿ ಡಬ್ಬಿ ಬೆನ್ನಿಗೆ ಹಾಕುವುದಿಲ್ಲ. ಗಾಳಿಯಲ್ಲಿ ಒಂದಿಷ್ಟು ಪಕ್ಕದ ಸೊಪ್ಪಿನ ಮೇಲೆ ಬಿದ್ದರೆ ಆ ಮನೆಯ ಹುಳ ಪೂರ್ತಿ ಸಾಯುತ್ತವೆ. ಅನಂತರಾಜುವಿನ ಮನೆಯಲ್ಲಿ ಹುಳ ಮೂರನೇ ಜ್ವರದಲ್ಲಿದ್ದವು. ಅವನು ಬೇಲಿಯ ಆಚೆ ನಿಂತು, "ಅಕ್ಕ, ನಿಮ್ಗೆ ನಾನೇನ್ ಯೋಳನ" ಅಂದ, ಅಷ್ಟೇ. ಜೀಪಿನ ತಮಾಷೆ ಅವತ್ತು ಮಾಡಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ನಿಂತಿರುತ್ತಿದ್ದೆ. ನಾನು ಹೊಡೆಯಲಿಲ್ಲ.

ದೀಪಾವಳಿಯಾದ ಮೇಲೆ ಮಿಕ್ಕ ಗಿಡಗಳೂ ಹಳದಿಯಾದವು. ಕಿತ್ತದ್ದು ಬಾಲರಾಜುವೇ. ಬೆಳಿಗ್ಗೆ ಗುದ್ದಲಿ ತೆಗೆದುಕೊಂಡು ಹೋಗಿ ಒಂದೊಂದನ್ನೇ ತೆಗೆದು ರಾಶಿ ಹಾಕಿದರು. ಅರೆಗೆಂಪು ಕಾಯಿ ಹಾಗೇ ಇತ್ತು. ಬೆಂಕಿ ಹಚ್ಚಿದ ಮೇಲೆ ಹಸಿಕಾಯಿ ಪಟಪಟ ಸಿಡಿದು ಅರೆಬೆಂದ ಕಾಫಿಯ ವಾಸನೆ ಬಂತು. ಅವರು ಕುಕ್ಕರಗಾಲಲ್ಲಿ ಕೂತು, "ಸೊಪ್ಪಿನ್ ಬುದ್ಧಿ ಕಣೆ ನಂದು. ಬೆಳಕೊಂದೇ ಕಾಣೋದು" ಅಂದರು. ಕಣ್ಣು ಒರೆಸಿಕೊಂಡದ್ದು ಹೊಗೆಗೋ ದುಃಖಕ್ಕೋ ನಾನು ಕೇಳಲಿಲ್ಲ. ಅವರ ಮೇಲೆ ಆಗ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಅತ್ತಿಮರಕ್ಕೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಕಡಿದ ಕಡೆಯೆಲ್ಲ ಹಿಂಡುಹಿಂಡಾಗಿ ಚಿಗುರಿ, ಮುಂದಿನ ಮುಂಗಾರಿನ ಹೊತ್ತಿಗೆ ಮೊದಲಿಗಿಂತ ದಟ್ಟವಾಯಿತು. ಕೆಳಗೆ ಬರೀ ಗುಂಡಿಗಳು, ಮೇಲೆ ತುಂಬು ನೆರಳು. ಮಧ್ಯಾಹ್ನ ಹೋಗಿ ಬಾವಿಕಟ್ಟೆಯ ಮೇಲೆ ಕೂರುತ್ತಿದ್ದೆ. ಮತ್ತೆ ನೆಡಬೇಕು ಅಂತ ಮನಸ್ಸು ನಿಧಾನವಾಗಿ ಏಳುತ್ತಿತ್ತು. ಈ ಸಲ ಸಾಲು ಬದಲಿಸಬೇಕು, ಪಡುವಣದಲ್ಲಿ ಒಂದು ಹಾಲವಾಣ ನೆಟ್ಟು ಗಾಳಿ ತಡೆಯಬೇಕು ಅಂತೆಲ್ಲ ಲೆಕ್ಕ ಹಾಕುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

ಆಷಾಢದಲ್ಲಿ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದೆ. ಬಸ್ಸಿಳಿದಾಗಲೇ ಬಾಲರಾಜು ಕಾಯುತ್ತಿದ್ದರು, ಬ್ಯಾಗು ಕಸಿದುಕೊಂಡು ನೇರ ಬಾವಿಯ ಹತ್ತಿರ ಕರೆದೊಯ್ದರು. ಹಳೇ ಗುಂಡಿಗಳಲ್ಲೇ ಹೊಸ ಸಸಿಗಳು, ನೆಟ್ಟಗೆ, ಹಿಪ್ಪುನೇರಳೆಯ ಸಾಲಿನ ಹಾಗೆ. ಸಾಬೀರ್‌ಗೆ ತಾವೇ ಫೋನ್ ಮಾಡಿ ತರಿಸಿ, ತಾವೇ ನೆಟ್ಟು, ಸುತ್ತ ತಂತಿಬೇಲಿ ಕೂಡ ಹಾಕಿಸಿದ್ದರು. "ಖುಸಿನಾ?" ಅಂತ ಕೇಳಿದರು. ಕೈಯಲ್ಲಿ ಬೊಬ್ಬೆ ಎದ್ದಿದ್ದವು.

"ಹೂಂ" ಅಂದೆ. ಬೇರೆ ಏನು ಹೇಳಲಿ? ಕಡಿದದ್ದೂ ನನಗಾಗಿಯೇ, ನೆಟ್ಟದ್ದೂ ನನಗಾಗಿಯೇ. ಎರಡು ಸಲವೂ ನಾನು ಊರಲ್ಲಿರಲಿಲ್ಲ.

ಈಗ ದಿನಾ ಬೆಳಿಗ್ಗೆ ಬಾವಿಯ ಕಡೆ ಹೋಗುವವರು ಅವರು. ನೀರು ಬಿಡುವುದು, ರೆಕ್ಕೆ ಚಿವುಟುವುದು, ಕಾಂಡ ತಡವಿ ನೋಡುವುದು ಎಲ್ಲ ಅವರದೇ. ಅತ್ತಿಯ ಹತ್ತಿರ ಮಚ್ಚು ಹಿಡಿದ ಯಾರನ್ನೂ ಸುಳಿಯಲು ಬಿಡುವುದಿಲ್ಲ. ಮೊನ್ನೆ ಜಗಲಿಯ ಮೇಲೆ ಗಂಡಸರು ಕೂತಿದ್ದರು. ಅನಂತರಾಜು, "ಎಸ್ಟೇಟ್ ಎಂಗೈತೆ ಬಾಲರಾಜಣ್ಣ?" ಅಂತ ಕೇಳಿದ. ಬಾಲರಾಜು ಶುರು ಮಾಡಿದರು. "ಕಾಫಿಗೆ ನೆಳ್ಳೇ ಮುಖ್ಯ ಕಣ್ಲಾ. ಅದ್ರಾಗೂ ಅತ್ತಿ ನೆಳ್ಳು. ಬೇರು ಆಳಕ್ಕೋಯ್ತದೆ, ಗಿಡದ್ ಬಾಯಿಂದ ನೀರ್ ಕಿತ್ಕಳಲ್ಲ. ಎಲೆ ಉದುರಿ ಗೊಬ್ರ ಆಯ್ತದೆ." ನಾನು ಆ ಕನಕಪುರದ ಬಸ್ಸಿನಿಂದಿಳಿದ ದಿನ ಹೇಳಿದ ಮಾತುಗಳು, ಒಂದಕ್ಷರ ಆಚೀಚೆಯಿಲ್ಲ. ಎಲ್ಲರೂ ತಲೆದೂಗಿದರು.

ನಾನು ಲೋಟಗಳನ್ನು ಕೊಡಲು ಹೊರಗೆ ಬಂದಾಗ ಅವರು ನನ್ನ ಕಡೆ ತಿರುಗಿ, "ಅಲ್ವೇನೆ ಲತಾ?" ಅಂದರು.

ಹೌದು ಅಂದೆ. ಒಳಗೆ ಹುಳ ಜ್ವರ ಬಿಟ್ಟು ಎದ್ದಿದ್ದವು, ಸೊಪ್ಪು ಹಾಕಲು ಹೋದೆ.